ಚಾರ್ಜ್ ಕೊಡುವುದಕ್ಕೆ ಒಂದು ವರ್ಷ ಮೊದಲು

ನಮ್ಮ ಕೊಪ್ಪಳ, ರಾಯಚೂರು ಕಡೆಯ ಹಳ್ಳಿ ಶಾಲೆಗಳಲ್ಲಿ ಹೆಡ್ ಮಾಸ್ತರರು ತಯಾರಾಗುವುದು ಒಂದೇ ಮಧ್ಯಾಹ್ನದಲ್ಲಿ. ಇದ್ದ ಸರ್ ನಿವೃತ್ತರಾಗುತ್ತಾರೆ. ಶಾಲು, ಹಾರ, ಉಪ್ಪಿಟ್ಟು-ಶಿರಾ, ಗ್ರೂಪ್ ಫೋಟೊ. ಎಲ್ಲ ಮುಗಿದ ಮೇಲೆ ಕೀಲಿಕೈ ಗೊಂಚಲು, ಚೆಕ್‌ಬುಕ್ಕು, ಒಂದು ಅಲ್ಮೇರಾ ತುಂಬ ವಹಿಗಳು ಸೇವಾ ಹಿರಿತನದಲ್ಲಿ ಮುಂದಿರುವವರ ಪಾಲಿಗೆ. ‘ಸರ, ಈ ಚಾರ್ಜು ನನಗ ಬ್ಯಾಡ್ರಿ’ ಅಂದರೂ ಬಿಡುವವರಿಲ್ಲ. ಮರುದಿನ ಬೆಳಿಗ್ಗೆ ಅವರು ಪ್ರಭಾರಿ ಮುಖ್ಯಗುರು.

ಇದು ಬಹಳ ಸಲ ಜೂನ್ ಹೊಸ್ತಿಲಲ್ಲೇ ನಡೆಯುತ್ತದೆ. ಒಂದು ಕಾಲಕ್ಕೆ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮಾಸ್ತರರೇ ಜೂನ್ 1 ಅಂತ ಬರೆದುಬಿಡುತ್ತಿದ್ದರು. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕು. ಹಾಗಾಗಿ ಆ ಪೀಳಿಗೆಯ ಶಿಕ್ಷಕರಲ್ಲಿ ಎಷ್ಟೋ ಜನರ ಕೊನೆಯ ದಿನ ಮೇ 31. ದಾಖಲಾತಿ, ಪುಸ್ತಕ ಹಂಚಿಕೆ, ಹಿಂದಿನ ತರಗತಿಯ ಕಲಿಕೆ ನೆನಪಿಸುವ ಸೇತುಬಂಧ, ವೇಳಾಪಟ್ಟಿ ಎಲ್ಲ ಒಟ್ಟಿಗೆ ಬೀಳುವ ವಾರದಲ್ಲೇ ಶಾಲೆಗೆ ಹೊಸ ಕೈ.

ಪ್ರಭಾರ ಅನ್ನುವುದು ನಾಲ್ಕು ದಿನದ ಮಾತು ಅಂದುಕೊಳ್ಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿ: 1ರಿಂದ 5ನೇ ತರಗತಿಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಐವರು ಶಿಕ್ಷಕರ ಜೊತೆಗೆ ಒಬ್ಬ ಮುಖ್ಯ ಶಿಕ್ಷಕ, 6ರಿಂದ 8ರಲ್ಲಿ 100ಕ್ಕಿಂತ ಹೆಚ್ಚಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ ತಾಲೂಕುಗಳ ದೊಡ್ಡಿ, ತಾಂಡಾದಂಥ ಸಣ್ಣ ವಸತಿಗಳ ಎಷ್ಟೋ ಶಾಲೆಗಳು ಈ ಲೆಕ್ಕಕ್ಕೆ ಮುಟ್ಟುವುದೇ ಇಲ್ಲ. ಅಲ್ಲಿ ಪಾಠ ಮಾಡುವವರೇ ಶಾಲೆಯನ್ನೂ ನಡೆಸಬೇಕು. ಹುದ್ದೆ ಇರುವ ಕಡೆಯೂ ಬಡ್ತಿ ಬರುವುದು ಹಿರಿತನದ ಮೇಲೆ, ಬರುವ ಹೊತ್ತಿಗೆ ನಿವೃತ್ತಿಗೆ ಕೆಲವೇ ವರ್ಷ ಉಳಿದಿರುತ್ತದೆ.

ತರಬೇತಿ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ದೆಹಲಿಯಲ್ಲಿರುವ, ಶಿಕ್ಷಣ ಯೋಜನೆ-ಆಡಳಿತದ ನೀಪಾ ಸಂಸ್ಥೆಯಲ್ಲಿ 2012ರಲ್ಲಿ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಶುರುವಾಯಿತು. ನಮ್ಮಲ್ಲಿ ಶಾಲಾ ನಾಯಕತ್ವದ ರಾಜ್ಯ ಸಂಸ್ಥೆ, ಧಾರವಾಡದ ಸಿಸ್ಲೆಪ್ ಇದೆ. ಶಿಕ್ಷಕರ ತರಬೇತಿಗೆ ಜಿಲ್ಲೆಗೊಂದು ಡಯಟ್ ಸಂಸ್ಥೆ ಇದೆ. ಕೊಪ್ಪಳದವರಿಗೆ ಮುನಿರಾಬಾದ್, ರಾಯಚೂರಿನವರಿಗೆ ಯರಮರಸ್. 2019ರಿಂದ ಕೇಂದ್ರ ಸರ್ಕಾರದ ನಿಷ್ಠಾ ಶಿಕ್ಷಕ ತರಬೇತಿಗಳು ಬಂದವು. ರಾಷ್ಟ್ರೀಯ ಕೇಂದ್ರದ ಚೌಕಟ್ಟಿನಲ್ಲಿ ಏಳು ಕ್ಷೇತ್ರಗಳಿವೆ: ನಾಯಕತ್ವದ ದೃಷ್ಟಿಕೋನ, ಸ್ವ-ವಿಕಾಸ, ಕಲಿಕೆ-ಬೋಧನೆಯ ಸುಧಾರಣೆ, ತಂಡ ಕಟ್ಟುವುದು, ಹೊಸತನ, ಸಹಭಾಗಿತ್ವ, ಕೊನೆಗೆ ಶಾಲಾ ಆಡಳಿತ. ಆಡಳಿತವನ್ನು ಕೊನೆಗಿಟ್ಟದ್ದು ಸರಿ, ಶಾಲೆ ಇರುವುದು ಮಕ್ಕಳ ಕಲಿಕೆಗೆ. ಆದರೆ ಹೊಸ ಪ್ರಭಾರಿಗೆ ಸೋಮವಾರ ಬೆಳಿಗ್ಗೆ ಎದುರಾಗುವುದು ಇದೇ ಪಟ್ಟಿ ತಿರುವುಮುರುವಾಗಿ. ಮೊದಲು ಅಕ್ಕಿ ಚೀಲ, ಆಮೇಲೆ ಟಿಸಿ, ಆಮೇಲೆ ನಗದು ಪುಸ್ತಕ. ಇವು ಕೈಗೆ ಹತ್ತುವವರೆಗೆ ತಲೆ ಬೇರೆ ಕಡೆ ಹೊರಳುವುದಿಲ್ಲ. ಎರಡು ವರ್ಷ ಹೀಗೇ ಹೋದರೆ ಆಮೇಲೆ ಹೊರಳುವ ಅಭ್ಯಾಸವೂ ತಪ್ಪುತ್ತದೆ.

ಆಡಳಿತದ ಕೆಲಸ ಕುರ್ಚಿಗೆ ಬರುವ ಮೊದಲೇ, ಪೂರ್ತಿ ಒಂದು ಶೈಕ್ಷಣಿಕ ವರ್ಷ, ಎರಡನೆಯವರ, ಅಂದರೆ ಮುಂದೆ ಚಾರ್ಜ್ ವಹಿಸಿಕೊಳ್ಳಲಿರುವವರ, ಕೈಯಲ್ಲಿ ಆಡಬೇಕು. ಆಗ ಕುರ್ಚಿಗೆ ಬಂದ ದಿನದಿಂದ ತರಗತಿಯತ್ತ ನೋಡಲು ಪುರಸೊತ್ತು ಸಿಗುತ್ತದೆ. ತಯಾರಿಯನ್ನು ಚಾರ್ಜ್ ಬಂದ ಮೇಲೆ ಶುರು ಮಾಡುವುದು ಮಳೆ ಬಿದ್ದ ಮೇಲೆ ಬಿತ್ತನೆ ಬೀಜ ಹುಡುಕಿದ ಹಾಗೆ.

ಯಾರನ್ನು ತಯಾರು ಮಾಡಬೇಕು? ಹಿರಿತನದ ಪಟ್ಟಿಯಲ್ಲಿ ಮುಂದಿನವರು ಯಾರೆಂಬುದು ಎಲ್ಲರಿಗೂ ಗೊತ್ತೇ ಇರುತ್ತದೆ. ಒಬ್ಬರನ್ನಲ್ಲ, ಇಬ್ಬರನ್ನು ಹಿಡಿಯಿರಿ. ಒಬ್ಬರು ವರ್ಗಾವಣೆಯಲ್ಲಿ ಹೋದರೆ ಇನ್ನೊಬ್ಬರಿರುತ್ತಾರೆ. ನಲಿ-ಕಲಿ ಶಿಕ್ಷಕರಿಗೆ ಚಾರ್ಜ್ ಕೊಡುವುದನ್ನು ಆದಷ್ಟು ತಪ್ಪಿಸಬೇಕು. 1ರಿಂದ 3ರ ಮಕ್ಕಳು ಗುಂಪಿನಲ್ಲಿ ಕೂತು ಕಾರ್ಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹೋಗುವ ತರಗತಿ ಅದು. ಶಿಕ್ಷಕರು ಅರ್ಧ ಗಂಟೆ ಎದ್ದು ಹೋದರೆ ತಟ್ಟೆಗಳೆಂದು ಕರೆಯುವ ಆ ಗುಂಪುಗಳೆಲ್ಲ ಕಲಸಿಹೋಗುತ್ತವೆ. ಹಾಗೆಯೇ ಇಡೀ ಶಾಲೆಗೆ ಒಬ್ಬರೇ ಇರುವ ಗಣಿತ ಶಿಕ್ಷಕರು. ಅವರಿಗೆ ಚಾರ್ಜ್ ಹೋದರೆ ತಾಲೂಕು ಸಭೆ ಇದ್ದ ದಿನವೆಲ್ಲ 6, 7ನೇ ತರಗತಿಯ ಗಣಿತಕ್ಕೆ ರಜೆ. ಅವರಿಗೇ ಬಂದರೆ ವೇಳಾಪಟ್ಟಿಯನ್ನು ಹೊಸದಾಗಿ ಹೆಣೆಯಬೇಕು: ಪ್ರಾರ್ಥನೆ ಆದ ಮೊದಲ ಅವಧಿ ಖಾಲಿ, ಗಣಿತ ಎರಡು ಮತ್ತು ಮೂರನೇ ಅವಧಿಯಲ್ಲಿ, ಮಧ್ಯಾಹ್ನದ ಮೇಲೆ ಬೇರೆಯವರೂ ತೂಗಿಸಬಹುದಾದ ವಿಷಯ. ಸಭೆ ಹೆಚ್ಚಾಗಿ ಮಧ್ಯಾಹ್ನಕ್ಕೇ ಕರೆಯುತ್ತಾರೆ, ಹೋದರೂ ಗಣಿತ ಉಳಿಯುತ್ತದೆ. ಹಳೆಯ ವೇಳಾಪಟ್ಟಿಯನ್ನೇ ಮುಂದುವರಿಸಿ, ಚಾರ್ಜು ಬಂದವರು ಸಂದಿಯಲ್ಲಿ ಓಡಾಡಿಕೊಳ್ಳಲಿ ಅಂತ ಬಿಟ್ಟಲ್ಲೇ ಮೊದಲ ಪೆಟ್ಟು ಬೀಳುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಎರಡನೆಯವರ ಕೈಗೆ ಬಿಸಿಯೂಟ ಮತ್ತು ಹಾಜರಾತಿ ಕೊಡಿ. ಸಹಿ ಮುಖ್ಯಗುರುಗಳದೇ, ಕೆಲಸ ಎರಡನೆಯವರದು. ಬಿಸಿಯೂಟದ ಅಕ್ಷರ ದಾಸೋಹ ನಮ್ಮ ಭಾಗಕ್ಕೆ ಮೊದಲು ಬಂದ ಯೋಜನೆ, 2001-02ರಲ್ಲಿ ಈಶಾನ್ಯ ಜಿಲ್ಲೆಗಳಿಂದಲೇ ಶುರುವಾದದ್ದು. ಇಷ್ಟು ವರ್ಷವಾದರೂ ಹೊಸಬರು ಮೊದಲು ಎಡವುವುದು ಇಲ್ಲೇ. ಒಂದು ಲೆಕ್ಕ ಹಾಕಿ ನೋಡೋಣ. 132 ಮಕ್ಕಳ ಹಿರಿಯ ಪ್ರಾಥಮಿಕ ಶಾಲೆ: 1ರಿಂದ 5ರಲ್ಲಿ 80, 6 ಮತ್ತು 7ರಲ್ಲಿ 52. ಧಾನ್ಯ ಚಿಕ್ಕ ಮಕ್ಕಳಿಗೆ ತಲೆಗೆ 100 ಗ್ರಾಂ, ದೊಡ್ಡವರಿಗೆ 150. ಎಲ್ಲರೂ ಬಂದ ದಿನ 8 ಕಿಲೋ ಮತ್ತು 7.8 ಕಿಲೋ, ಒಟ್ಟು 15.8. ಬೇಳೆ 20 ಮತ್ತು 30 ಗ್ರಾಂ: 1.6, 1.56, ಒಟ್ಟು 3.16 ಕಿಲೋ. ತರಕಾರಿ 50, 75 ಗ್ರಾಂ. ಎಣ್ಣೆ 5, 7.5 ಗ್ರಾಂ. ಬೆಳಗಿನ ಹಾಲಿಗೆ ತಲೆಗೆ 18 ಗ್ರಾಂ ಪುಡಿ, 150 ಮಿಲಿ ಆಗುವಷ್ಟು.

ಲೆಕ್ಕ ಕಾಗದದ ಮೇಲೆ ಸುಲಭ. ತಪ್ಪುವುದು ಮೂರು ಜಾಗದಲ್ಲಿ. ಒಂದು, ಬೆಳಗಿನ ಹಾಜರಿ ನೋಡಿ ಅಕ್ಕಿ ಅಳೆದು, ಉಂಡವರ ಎಣಿಕೆಯನ್ನೂ ಅದೇ ಸಂಖ್ಯೆಯಿಂದ ತುಂಬಿಬಿಡುವುದು. ಮಧ್ಯಾಹ್ನ ಮನೆಗೆ ಹೋಗಿ ಉಣ್ಣುವ ಹುಡುಗರು ಪ್ರತಿ ಊರಲ್ಲೂ ಇರುತ್ತಾರೆ. ಸಾಲಿನಲ್ಲಿ ಕೂತ ತಟ್ಟೆಗಳನ್ನೇ ಎಣಿಸಬೇಕು. ಎರಡು, ಚೀಲವನ್ನು ತೂಗದೆ 50 ಕಿಲೋ ಅಂತ ಬರಮಾಡಿಕೊಳ್ಳುವುದು. ಗೋಣಿಚೀಲದ್ದೇ ಅರ್ಧ ಕಿಲೋ ದಾಟಿದ ತೂಕ, ಅದರ ಮೇಲೆ ಸೋರಿಕೆ ಬೇರೆ. ಇಳಿಸುವಾಗಲೇ ತೂಗಿ, ನಿಜವಾದ ತೂಕವನ್ನೇ ರಸೀದಿಯಲ್ಲಿ ಬರೆಸಬೇಕು. ನಾಚಿಕೆಗೆ ಬಿಟ್ಟರೆ ಮೂರು ತಿಂಗಳಲ್ಲಿ ವಹಿಯಲ್ಲಿ ಅಕ್ಕಿ ಇರುತ್ತದೆ, ಕೋಣೆಯಲ್ಲಿ ಇರುವುದಿಲ್ಲ. ಮೂರು, ಹಳೆಯ ಚೀಲ ಹಿಂದೆ ಸರಿಸಿ ಹೊಸದನ್ನು ಮುಂದೆ ಇಡುವುದು. ಹಿಂದಿನದು ಹುಳ ಹಿಡಿಯುತ್ತದೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಇಪ್ಪತ್ತು ನಿಮಿಷ, ಎರಡನೆಯವರು ಅಡುಗೆಯವರ ಜೊತೆ ನಿಂತು ದಾಸ್ತಾನು ತೂಗಿ ವಹಿಗೆ ಹೊಂದಿಸಿದರೆ ಸಾಕು. ಬಡಿಸುವ ಮೊದಲು ಒಬ್ಬ ಶಿಕ್ಷಕರು ರುಚಿ ನೋಡಿ ವಹಿಯಲ್ಲಿ ಸಹಿ ಮಾಡಬೇಕೆಂಬ ನಿಯಮವನ್ನು, ಊಟ ಮುಗಿದ ಮೇಲೆ ವಾರದ ಸಹಿಗಳನ್ನು ಒಟ್ಟಿಗೆ ಹಾಕುವ ಕೆಲಸ ಮಾಡಿಕೊಳ್ಳಬಾರದು. ಏನಾದರೂ ಅನಾಹುತವಾದರೆ ಮೊದಲು ಕೇಳುವುದು ಅದೇ ವಹಿಯನ್ನು. ಮೊಟ್ಟೆ ನಮ್ಮ ಜಿಲ್ಲೆಗಳಿಗೆ 2021ರ ಡಿಸೆಂಬರಿನಲ್ಲಿ ಬಂತು; ತಿನ್ನುವವರು, ಬಾಳೆಹಣ್ಣು ಕೇಳುವವರು ಯಾರೆಂಬ ಪಟ್ಟಿಯನ್ನು ಪಾಲಕರನ್ನು ಕೇಳಿಯೇ ಮಾಡಬೇಕು, ಮಕ್ಕಳ ಕೈ ಎತ್ತಿಸಿ ಅಲ್ಲ.

ಸೆಪ್ಟೆಂಬರಿನಲ್ಲಿ ದಾಖಲಾತಿ ವಹಿ, ಟಿಸಿ, ಮಕ್ಕಳ ಮಾಹಿತಿ ತುಂಬುವ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್. ದಾಖಲಾತಿ ವಹಿಯ ತೂಕ ಹೊಸಬರಿಗೆ ಗೊತ್ತಿರುವುದಿಲ್ಲ. ಜಾತಿ ಪ್ರಮಾಣಪತ್ರಕ್ಕೂ, ನಮ್ಮ ಭಾಗದ ಮೀಸಲಾತಿಯ 371(ಜೆ) ಪ್ರಮಾಣಪತ್ರಕ್ಕೂ ಜನ ಕೊನೆಗೆ ಬಂದು ನಿಲ್ಲುವುದು ಆ ವಹಿಯ ಮುಂದೆ. ‘ಸರ, ಒಂದಕ್ಷರ ಅಷ್ಟ ತಿದ್ದಿಕೊಡ್ರಿ’ ಅಂತ ಊರಿನ ಹಿರಿಯರೇ ಬರುತ್ತಾರೆ. ಪೆನ್ನು ಕೈಯಲ್ಲಿದೆ ಅಂತ ತಿದ್ದುವಂತಿಲ್ಲ. ಮೇಲಧಿಕಾರಿಗಳ ಲಿಖಿತ ಆದೇಶ ಬೇಕು, ಹುಟ್ಟಿದ ದಿನದ ವಿಷಯ ಕೋರ್ಟಿನ ತನಕ ಹೋಗುತ್ತದೆ. ಈ ‘ಇಲ್ಲ’ವನ್ನು ಮರ್ಯಾದೆಯಿಂದ ಹೇಳುವುದೂ ಕಲಿಯಬೇಕಾದ ಕೆಲಸ. ಹಳೆಯ ಮುಖ್ಯಗುರುಗಳು ಎದುರಿಗಿರುವಾಗಲೇ ಎರಡನೆಯವರು ಎರಡು-ಮೂರು ಸಲ ಹೇಳಿ ರೂಢಿ ಮಾಡಿಕೊಂಡರೆ ಮುಂದೆ ನಾಲಿಗೆ ತಡವರಿಸುವುದಿಲ್ಲ.

ಟಿಸಿ ವಿಷಯದಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ‘ಇಲ್ಲ’ ಅನ್ನುವ ಅಧಿಕಾರವೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಕೇಳಿದ ತಕ್ಷಣ ಕೊಡಬೇಕು, ತಡ ಮಾಡಿದರೆ ಶಿಸ್ತು ಕ್ರಮ. ಬೇರೆ ಶಾಲೆಯಿಂದ ಟಿಸಿ ಬಂದಿಲ್ಲವೆಂದು ಮಗುವಿನ ಪ್ರವೇಶ ತಡೆಯುವಂತೆಯೂ ಇಲ್ಲ. ದೀಪಾವಳಿ ಮುಗಿಯುತ್ತಲೇ ಬೆಂಗಳೂರು, ಗೋವಾ ಕಡೆ ಗುಳೆ ಹೋಗುವ ಊರುಗಳಲ್ಲಿ ಈ ಎರಡು ವಾಕ್ಯ ಗೊತ್ತಿಲ್ಲದ ಹೆಡ್ ಮಾಸ್ತರರಿಂದ ಮಕ್ಕಳು ಎರಡೂ ಶಾಲೆಗೆ ಇಲ್ಲದ ಹಾಗೆ ಆಗುತ್ತಾರೆ.

ಗುಳೆಯ ಮಾತು ಬಂದದ್ದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ನಾಯಕತ್ವದ ತರಬೇತಿಯಲ್ಲಿ ‘ಸವಾಲುಗಳನ್ನು ಗುರುತಿಸಿ’ ಅಂತ ಚಾರ್ಟ್ ಪೇಪರ್ ಕೊಡುತ್ತಾರೆ, ಎಲ್ಲರೂ ‘ಪಾಲಕರ ನಿರಾಸಕ್ತಿ’ ಅಂತ ಬರೆದು ಗೋಡೆಗೆ ಅಂಟಿಸುತ್ತಾರೆ. ಅದರ ಬದಲು ಹಿಂದಿನ ವರ್ಷದ ಹಾಜರಿ ಪುಸ್ತಕ ತೆಗೆದು, ತಿಂಗಳಿಗೊಂದು ಗೆರೆಯಂತೆ ತರಗತಿವಾರು ಸರಾಸರಿ ಹಾಜರಿ ಬರೆಯಿಸಿ. ಸಿಂಧನೂರು, ಕಾರಟಗಿ, ಸಿರುಗುಪ್ಪದ ನೀರಾವರಿ ಊರಾದರೆ ಭತ್ತದ ನಾಟಿಯ ತಿಂಗಳಲ್ಲಿ 6, 7ನೇ ತರಗತಿಯ ಹುಡುಗಿಯರ ಗೆರೆ ಕುಸಿದಿರುತ್ತದೆ. ಒಣಬೇಸಾಯದ ಊರಾದರೆ ಹತ್ತಿ ಬಿಡಿಸುವ ಕಾಲ, ಆಮೇಲೆ ಮೆಣಸಿನಕಾಯಿ. ಪಾಲಕರ ನಿರಾಸಕ್ತಿ ತಿಂಗಳು ನೋಡಿ ಬರುವುದಿಲ್ಲ. ಕೂಲಿ ತಿಂಗಳು ನೋಡಿ ಬರುತ್ತದೆ. ಗೆರೆ ಕಂಡ ಮೇಲೆ ಮಾಡುವ ಕೆಲಸ ಸ್ಪಷ್ಟ: ಗುಳೆ ಹೋಗಲಿರುವ ಮನೆಗಳ ಪಟ್ಟಿ ದಸರಾ ರಜೆಗೆ ಮೊದಲೇ, ಅಜ್ಜ-ಅಜ್ಜಿ ಹತ್ತಿರ ಮಗುವನ್ನು ಬಿಟ್ಟು ಹೋಗಬಹುದಾದ ಮನೆ ಯಾವುದು ಎಂಬ ಗುರುತು, ಒಯ್ಯುವವರಿಗೆ ಟಿಸಿಯೋ ವ್ಯಾಸಂಗ ಪತ್ರವೋ ಮೊದಲೇ ಕೈಗೆ. ಬೆಳಿಗ್ಗೆ ಕೂಲಿಯವರನ್ನು ತುಂಬಿಕೊಂಡು ಹೋಗುವ ಗಾಡಿಗಳು ಎಲ್ಲಿ ನಿಲ್ಲುತ್ತವೆ ಎಂಬುದು ಶಾಲೆಗೆ ಗೊತ್ತಿರಬೇಕು. ಆ ಜಾಗದಲ್ಲಿ ಶಿಕ್ಷಕರೊಬ್ಬರು ವಾರದಲ್ಲಿ ಎರಡು ದಿನ ನಿಂತರೂ ಗಾಡಿಯವನು ಮಕ್ಕಳನ್ನು ಹತ್ತಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಾನೆ.

ನವೆಂಬರ್, ಡಿಸೆಂಬರ್ ನಗದು ಪುಸ್ತಕಕ್ಕೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಖರ್ಚಿನ ಪ್ರತಿ ಸಾಲಿಗೂ ವೋಚರ್ ಸಂಖ್ಯೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವಿನ ದಿನಾಂಕ. ತಪ್ಪು ಬಿದ್ದರೆ ವೈಟ್ನರ್ ಹಚ್ಚಬಾರದು, ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಚಿಕ್ಕ ಸಹಿ. 5,000 ರೂಪಾಯಿ ಮೀರಿದ ನಗದು ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪು. ತಿಂಗಳ ಕೊನೆಗೆ ಪಾಸ್‌ಬುಕ್ಕಿನ ಜೊತೆ ತಾಳೆ. ಕೊಟ್ಟರೂ ಬ್ಯಾಂಕಿಗೆ ಹೋಗದ ಚೆಕ್ ಯಾವುದೆಂದು ಪೆನ್ಸಿಲ್‌ನಲ್ಲಿ ಗುರುತು. ಇಷ್ಟೇ. ಆದರೆ ಇದು ದಿನದಿನಕ್ಕೆ ಬರೆಯುವ ಪುಸ್ತಕ, ಆಡಿಟ್ ಹಿಂದಿನ ರಾತ್ರಿ ಬರೆಯುವುದಲ್ಲ. ಒಂದೇ ಶಾಯಿಯಲ್ಲಿ, ಒಂದೇ ಕೈಬರಹದ ಓಟದಲ್ಲಿ ಆರು ತಿಂಗಳ ಲೆಕ್ಕ ಬರೆದದ್ದನ್ನು ಯಾವ ಆಡಿಟರ್ ಬೇಕಾದರೂ ಪುಟ ತಿರುವಿದಾಗಲೇ ಹೇಳುತ್ತಾರೆ.

ಸಮಗ್ರ ಶಿಕ್ಷಣದ ಮಾರ್ಗಸೂಚಿಯಲ್ಲಿ ಶಾಲಾ ಅನುದಾನ 31ರಿಂದ 100 ಮಕ್ಕಳಿಗೆ 25,000, 101ರಿಂದ 250ಕ್ಕೆ 50,000. ನಮ್ಮ 132ರ ಶಾಲೆಗೆ 50,000. ಅದರಲ್ಲಿ ಕನಿಷ್ಠ ಶೇ 10, ಅಂದರೆ 5,000, ಸ್ವಚ್ಛತೆಗೇ ಹೋಗಬೇಕು. ಹಣ ಕಂತಿನಲ್ಲಿ ಬರುತ್ತದೆ, ಬಹಳ ಸಲ ಮಾರ್ಚ್ ಹತ್ತಿರಕ್ಕೆ. ಆಗ ಗಡಿಬಿಡಿಯಲ್ಲಿ ಗೋಡೆಗೆ ಬಣ್ಣ ಹೊಡೆಸುವುದೊಂದೇ ತೋಚುತ್ತದೆ. ಹುಡುಗಿಯರ ಶೌಚಾಲಯಕ್ಕೆ ನೀರಿನ ಪೈಪು ಮುರಿದೇ ಇರುತ್ತದೆ. ಆಗಸ್ಟ್‌ನಲ್ಲೇ ಎಸ್‌ಡಿಎಂಸಿ ಸಭೆಯಲ್ಲಿ ಕೆಲಸಗಳನ್ನು ಮೊದಲು, ಆಮೇಲೆ, ಹಣ ಉಳಿದರೆ ಅಂತ ಬರೆದು ಠರಾವು ಮಾಡಿಟ್ಟುಕೊಂಡವರಿಗೆ ಈ ಗಡಿಬಿಡಿ ಇಲ್ಲ. ಆ ಪಟ್ಟಿ ಮಾಡುವುದನ್ನು ಎರಡನೆಯವರಿಗೆ ಬಿಡಬೇಕು. ಇಲ್ಲಿ ಬಹಳ ಮುಖ್ಯಗುರುಗಳು ತಪ್ಪುತ್ತಾರೆ: ಎರಡನೆಯವರಿಗೆ ಓಡಾಟ ಕೊಡುತ್ತಾರೆ, ತೀರ್ಮಾನ ಕೊಡುವುದಿಲ್ಲ. ತಾಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಫೈಲು ಒಯ್ದು ಒಯ್ದು ಯಾರೂ ಹೆಡ್ ಮಾಸ್ತರ್ ಆಗುವುದಿಲ್ಲ, ಬಸ್ಸಿನ ಟೈಮು ಬಾಯಿಪಾಠ ಆಗುತ್ತದೆ ಅಷ್ಟೆ.

ಎಸ್‌ಡಿಎಂಸಿ ಸಭೆ ಬಗ್ಗೆ ಒಂದು ಮಾತು. ಕಾಯ್ದೆ ಪ್ರಕಾರ ಮುಕ್ಕಾಲು ಪಾಲು ಸದಸ್ಯರು ಪಾಲಕರು, ಅರ್ಧದಷ್ಟು ಹೆಣ್ಣುಮಕ್ಕಳು. ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಇವರಾರೂ ಬರುವುದಿಲ್ಲ, ಹೊಲದಲ್ಲಿರುತ್ತಾರೆ. ಬರುವುದು ಊರಿನ ಕಟ್ಟೆಯ ಮೇಲೆ ಕೂರುವ ನಾಲ್ಕು ಜನ. ನಮ್ಮ ಊರುಗಳಲ್ಲಿ ಅಮವಾಸ್ಯೆ ದಿನ ಎತ್ತು ಹೂಡುವುದಿಲ್ಲ, ಎಷ್ಟೋ ಕಡೆ ಸೋಮವಾರವೂ. ಆ ದಿನ ಇಳಿಹೊತ್ತಿಗೆ ಸಭೆ ಇಟ್ಟರೆ ತಾಯಂದಿರು ಬರುತ್ತಾರೆ. ನಡಾವಳಿಯನ್ನು ಸಭೆಯಲ್ಲೇ ಬರೆದು ಓದಿ ಹೇಳಿ ಸಹಿ, ಹೆಬ್ಬೆಟ್ಟು ಹಾಕಿಸಬೇಕು. ಖಾಲಿ ಪುಟಕ್ಕೆ ಸಹಿ ಹಾಕಿಸಿಟ್ಟುಕೊಳ್ಳುವ ಚಾಳಿ ಕೆಲವು ಕಡೆ ಇದೆ. ಎರಡನೆಯವರು ಕಲಿಯಬಾರದ್ದನ್ನು ಕಲಿಯುವುದೂ ಇಂಥಲ್ಲೇ.

ಜನವರಿ, ಫೆಬ್ರುವರಿಗೆ ತರಗತಿ ವೀಕ್ಷಣೆ. ಉಳಿದದ್ದೆಲ್ಲ ಕಲಿಯುವುದು ಇದಕ್ಕೆ ಹೊತ್ತು ಉಳಿಸಿಕೊಳ್ಳಲಿಕ್ಕೆ. ಪ್ರಭಾರಿಯ ಕಷ್ಟ ಬೇರೆ: ನಿನ್ನೆಯವರೆಗೆ ಒಂದೇ ಬಸ್ಸಿನಲ್ಲಿ ಡಬ್ಬಿ ಹಂಚಿಕೊಂಡು ಬಂದವರ ಪಾಠವನ್ನು ಇವತ್ತು ಹಿಂದೆ ಕೂತು ನೋಡಬೇಕು. ಅವರಿಗೂ ಮುಜುಗರ, ಇವರಿಗೂ. ಹಾಗಾಗಿ ವೀಕ್ಷಣಾ ವಹಿಯಲ್ಲಿ ‘ಪಾಠ ಉತ್ತಮವಾಗಿತ್ತು’ ಅಂತ ಬರೆದು ಎದ್ದು ಬರುತ್ತಾರೆ. ಹುಸಿ ಸಹಿಯಷ್ಟೇ ಅದು.

ಮುಜುಗರ ಕಳೆಯಲು ಸುಲಭ ದಾರಿ, ಮೊದಲು ತನ್ನ ಪಾಠಕ್ಕೇ ಅವರನ್ನು ಕರೆಯುವುದು. ಅವರ ಕೈಗೆ ಒಂದು ಹಾಳೆ ಕೊಡಿ. ಹಾಳೆಯ ಮೇಲೆ ತರಗತಿಯ ನಕ್ಷೆ: 26 ಮಕ್ಕಳಿದ್ದರೆ 26 ಚೌಕ, ಕೂತ ಜಾಗದಂತೆ, ಮೇಲ್ಗಡೆ ಕಪ್ಪುಹಲಗೆ. 40 ನಿಮಿಷದಲ್ಲಿ ಶಿಕ್ಷಕರು ಯಾವ ಮಗುವಿಗೆ ಪ್ರಶ್ನೆ ಕೇಳಿದರೋ ಆ ಚೌಕದಲ್ಲಿ ಒಂದು ಗೀಟು. ಮಗು ತಾನಾಗಿ ಏನಾದರೂ ಕೇಳಿದರೆ ಚುಕ್ಕೆ. ಶಿಕ್ಷಕರು ಆ ಮಗುವಿನ ಪುಸ್ತಕ ನೋಡಿದರೆ ಸೊನ್ನೆ. ಬೇರೇನೂ ಬರೆಯಬಾರದು, ಭಾಷಣ-ಪೀಠಿಕೆ-ಉಪಕರಣ ಯಾವುದೂ ಬೇಡ. ಅವಧಿ ಮುಗಿದಾಗ ಹಾಳೆ ತಾನೇ ಮಾತಾಡುತ್ತದೆ. ಗೀಟುಗಳೆಲ್ಲ ಮುಂದಿನ ಎರಡು ಸಾಲಿನಲ್ಲಿ, ಶಿಕ್ಷಕರು ನಿಲ್ಲುವ ಮಗ್ಗುಲಿನಲ್ಲಿ ಗುಂಪಾಗಿರುತ್ತವೆ. ಹಿಂದಿನ ಮೂಲೆ ಬಿಳಿಯಾಗಿಯೇ ಉಳಿದಿರುತ್ತದೆ. ಆ ಮೂಲೆಯಲ್ಲಿ ಯಾರು ಕೂತಿದ್ದಾರೆ ನೋಡಿ: ಮನೆಯಲ್ಲಿ ಲಂಬಾಣಿ ಆಡುವ ತಾಂಡಾದ ಹುಡುಗ, ತೆಲುಗು ಮನೆಯ ಹುಡುಗಿ, ಗುಳೆಯಿಂದ ಈಗಷ್ಟೇ ಬಂದ ಮಗು. ಯಾವ ಶಿಕ್ಷಕರೂ ಬೇಕೆಂದು ಹೀಗೆ ಮಾಡುವುದಿಲ್ಲ. ಉತ್ತರ ಬರುವ ಕಡೆಗೆ ಕಣ್ಣು ತಾನಾಗಿ ಹೋಗುತ್ತದೆ.

ಮಾತುಕತೆ ಅದೇ ದಿನ ಆಗಬೇಕು, ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗಲ್ಲ. ಮೊದಲು ಅವರ ಬಾಯಿಂದ ಬರಲಿ. ‘ಮೇಡಂ, ಹಿಂದಿನ ಸಾಲಿನ್ಯಾಗ ಕುಂತ ಮೂರು ಹುಡುಗ್ರು ಇವತ್ತ ಒಮ್ಮೆನೂ ಬಾಯಿ ಬಿಡಲಿಲ್ರಿ. ಏನ್ ಮಾಡಿದ್ರ ಬಿಟ್ಟಾರು?’ ಅಷ್ಟು ಕೇಳಿ ಸುಮ್ಮನಿರಬೇಕು. ಒಂದು ವೀಕ್ಷಣೆಗೆ ಒಂದೇ ವಿಷಯ. ಐದು ಸಲಹೆ ಕೊಟ್ಟರೆ ಒಂದೂ ನಡೆಯುವುದಿಲ್ಲ. ಎರಡು ವಾರ ಬಿಟ್ಟು ಅದೇ ತರಗತಿಗೆ, ಅದೇ ಹಾಳೆಯ ಹೊಸ ಪ್ರತಿ ಹಿಡಿದು ಹೋಗಬೇಕು. ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಇಬ್ಬರಿಗೂ ತೋರುತ್ತದೆ. ಕೆಂಪು ಪೆನ್ನು ಮಾತ್ರ ಈ ಕೆಲಸಕ್ಕೆ ಒಯ್ಯಬೇಡಿ.

ಇನ್ನು ಶಿಕ್ಷಕಿಯರು ಚಾರ್ಜ್ ಬೇಡ ಅನ್ನುವುದು. ಇದನ್ನು ‘ಮೇಡಮ್ಮಾರು ಜವಾಬ್ದಾರಿ ತಗೊಳ್ಳೋದಿಲ್ಲ’ ಅಂತ ಹಗುರಾಗಿ ಹೇಳಿಬಿಡುತ್ತಾರೆ. ಕಾರಣ ಕೇಳಿದವರು ಕಡಿಮೆ. ಗಂಗಾವತಿಯಲ್ಲೋ ರಾಯಚೂರಲ್ಲೋ ಮನೆ, ಒಳಹಳ್ಳಿಗೆ ದಿನಕ್ಕೆ ಎರಡೇ ಬಸ್ಸು, ತಾಲೂಕಿನ ಸಭೆ ಸಂಜೆ ಆರಾದರೂ ಮುಗಿಯದು. ಅನುದಾನದ ವಿಷಯಕ್ಕೆ ಊರಿನವರು ರಾತ್ರಿ ಫೋನ್ ಮಾಡುತ್ತಾರೆ. ಇದಕ್ಕೆ ಧೈರ್ಯದ ಭಾಷಣ ಮದ್ದಲ್ಲ. ಸಭೆ ನಾಲ್ಕಕ್ಕೆ ಮುಗಿಸಿ. ಮಾಹಿತಿ ಒಪ್ಪಿಸುವ ಸಭೆಗೆ ಎರಡನೆಯವರನ್ನು ಕಳಿಸಲು ಒಪ್ಪಿ. ಹಣದ ಮಾತು ಶಾಲೆಯಲ್ಲಿ, ಸಭೆಯಲ್ಲಿ, ನಡಾವಳಿ ಪುಸ್ತಕದ ಮುಂದೆ ಮಾತ್ರ ಎಂದು ಎಸ್‌ಡಿಎಂಸಿಯಲ್ಲೇ ಠರಾವು ಮಾಡಿ. ಈ ಮೂರು ನಡೆದ ಮೇಲೂ ಬೇಡ ಅಂದರೆ ಅದು ಅವರ ಇಷ್ಟ.

ಹೈಸ್ಕೂಲಿನ ತಯಾರಿ ಬೇರೆಯೇ. ಅಲ್ಲಿ ಮುಖ್ಯ ಶಿಕ್ಷಕರು ಬಟವಾಡೆ ಅಧಿಕಾರಿಯೂ ಹೌದು. ಸರ್ಕಾರಿ ನೌಕರರ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಸಂಬಳದ ಬಿಲ್ಲು, ಖಜಾನೆ, ಆದಾಯ ತೆರಿಗೆ ಕಡಿತ ಎಲ್ಲ ಅವರ ತಲೆಗೆ. ಒಂದು ತಿಂಗಳ ಬಿಲ್ಲನ್ನು ಗುಮಾಸ್ತರ ಪಕ್ಕದಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಮಾಡಿ ನೋಡದೆ ಚಾರ್ಜ್ ತೆಗೆದುಕೊಳ್ಳಬಾರದು.

ಕುರ್ಚಿಗೆ ಬಂದ ಮೇಲಿನ ಆಸರೆ ಮುಂದಿನ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೂ ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಯ ವೃತ್ತಿ ಬೆಳವಣಿಗೆ ಹೇಳಿದೆ. ಈ 50 ಗಂಟೆಯನ್ನು ಎಂಟು ದಿನ ಸಭಾಂಗಣದಲ್ಲಿ ಕೂರಿಸಿ ಮುಗಿಸಬಹುದು. ಎಂಟೂ ದಿನ ಶಾಲೆ ಹೆಡ್ ಮಾಸ್ತರ್ ಇಲ್ಲದೆ ನಡೆಯುತ್ತದೆ. ನನ್ನ ಲೆಕ್ಕ ಬೇರೆ: ಜೂನ್‌ಗೆ ಮೊದಲು ಎರಡು ದಿನದ ಕಾರ್ಯಾಗಾರ 12 ಗಂಟೆ, ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದಲ್ಲಿ ಮುಖ್ಯಗುರುಗಳಷ್ಟೇ ಕೂರುವ ಎರಡು ಗಂಟೆಯ ಸಭೆ ವರ್ಷಕ್ಕೆ ಹತ್ತು, 20 ಗಂಟೆ, ಅನುಭವಿ ಮುಖ್ಯಗುರುವೋ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ ಸಿಆರ್‌ಪಿಯೋ ಹೊಸಬರ ಶಾಲೆಗೇ ಬಂದು ಮೂರು ಗಂಟೆ ಜೊತೆಗಿರುವುದು ಆರು ಸಲ, 18 ಗಂಟೆ. ಆರರಲ್ಲಿ ಮೂರು ಭೇಟಿ ಮೊದಲ ಮೂರು ತಿಂಗಳಲ್ಲೇ ಆಗಬೇಕು. ಭೇಟಿ ಅಂದರೆ ಒಂದು ತರಗತಿಯನ್ನು ಇಬ್ಬರೂ ಒಟ್ಟಿಗೆ ನೋಡುವುದು, ಒಂದು ವಹಿಯನ್ನು ಇಬ್ಬರೂ ಒಟ್ಟಿಗೆ ತೆರೆಯುವುದು, ಹಿಂದಿನ ಸಲ ಒಪ್ಪಿಕೊಂಡ ಒಂದು ಕೆಲಸ ಏನಾಯಿತೆಂದು ಕೇಳುವುದು. ಸಿಆರ್‌ಪಿಗಳ ಕೈಯಲ್ಲಿ ಹತ್ತಿಪ್ಪತ್ತು ಶಾಲೆ, ಅವರ ಬೈಕು ನಿಲ್ಲುವುದು ಮಾಹಿತಿ ಒಯ್ಯಲಿಕ್ಕೆ. ‘ಎಲ್ಲ ಸರಿ ಐತಲ್ರಿ ಸರ?’ ಅಂತ ಗೇಟಿನಲ್ಲಿ ಕೇಳಿ ಹೋಗುವುದನ್ನು ಆಸರೆ ಅನ್ನಲಾಗದು. ಇದು ಅವರ ತಪ್ಪಲ್ಲ, ಅವರ ಮೇಲೂ ಸಂಜೆಯೊಳಗಿನ ತಗಾದೆ ಇರುತ್ತದೆ.

ಆ ತಗಾದೆಗೆ ಒಂದು ಉಪಾಯ ಇದೆ. ವಾಟ್ಸಾಪ್‌ನಲ್ಲಿ ‘ತುರ್ತು’ ಎಂದು ಬರುವ ಹತ್ತರಲ್ಲಿ ಎಂಟು ಪ್ರಶ್ನೆ ಒಂದೇ: ಮಕ್ಕಳ ಸಂಖ್ಯೆ ಲಿಂಗವಾರು, ವರ್ಗವಾರು, ಕೊಠಡಿ ಎಷ್ಟು, ಎಷ್ಟು ದುರಸ್ತಿ, ಶೌಚಾಲಯ, ನೀರು, ಕರೆಂಟು, ಶಿಕ್ಷಕರ ಸರ್ಕಾರಿ ವಿಮೆಯ ಕೆಜಿಐಡಿ ಸಂಖ್ಯೆ, ಸೇರಿದ ದಿನಾಂಕ, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, 29ರಿಂದ ಶುರುವಾಗುವ 11 ಅಂಕಿಯ ಯು-ಡೈಸ್ ಎಂಬ ಶಾಲೆಯ ಗುರುತಿನ ಸಂಖ್ಯೆ. ಇವನ್ನೆಲ್ಲ ಒಂದು ಹಾಳೆಯ ಎರಡು ಮಗ್ಗುಲಲ್ಲಿ ಬರೆದು, ಶಾಲೆಯ ಜಾತಕ ಅಂತ ಕರೆದು, ತಿಂಗಳ ಒಂದನೇ ತಾರೀಖು ತಿದ್ದಿ, ಅದರ ಫೋಟೊ ಎಲ್ಲ ಶಿಕ್ಷಕರ ಮೊಬೈಲಿನಲ್ಲಿ ಇರುವಂತೆ ಮಾಡಿ. ಆಗ ಉತ್ತರ ಕಳಿಸಲು ಹೆಡ್ ಮಾಸ್ತರರೇ ಪಾಠ ಬಿಟ್ಟು ಬರಬೇಕಾಗಿಲ್ಲ.

ಮಾರ್ಚ್, ಏಪ್ರಿಲ್‌ನಲ್ಲಿ ಪ್ರಭಾರ ಪಟ್ಟಿ ತಯಾರಿಸುವ ಕೆಲಸ. ನಿವೃತ್ತಿಯ ದಿನವಲ್ಲ, ಎರಡು ತಿಂಗಳು ಮೊದಲು. ದಾಖಲಾತಿ ವಹಿಗಳು ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಷ್ಟು ಸಂಪುಟ, ಹರಿದದ್ದು ಯಾವುದು. ಬಳಸದ ಟಿಸಿ ಹಾಳೆಗಳ ಸಂಖ್ಯೆ ಎಷ್ಟರಿಂದ ಎಷ್ಟು. ಖಾಲಿ ಚೆಕ್ಕುಗಳ ಸಂಖ್ಯೆ. ಜಡವಸ್ತು ವಹಿಯಲ್ಲಿರುವ ಬೆಂಚು, ಕಂಪ್ಯೂಟರ್, ಪಾತ್ರೆ ಎದುರಿಗೆ ಎಣಿಸಿ. ಇಲ್ಲದ್ದನ್ನು ‘ಇಲ್ಲ’ ಅಂತಲೇ ಬರೆಯಿರಿ. ‘ಇರಲಿ ಸರ, ಆಮ್ಯಾಲೆ ನೋಡೋಣ’ ಎಂದು ಕಣ್ಣುಮುಚ್ಚಿ ಸಹಿ ಹಾಕಿದ ದಿನದಿಂದ ಆ ಬೆಂಚು ಹೊಸಬರ ಹೆಸರಿಗೆ. ಬ್ಯಾಂಕಿನಲ್ಲಿ ಸಹಿ ಬದಲಾವಣೆಗೆ ಎಸ್‌ಡಿಎಂಸಿ ಠರಾವು ಬೇಕು, ಅಧ್ಯಕ್ಷರೂ ಜೊತೆಗೆ ಬರಬೇಕು. ಒಂದೇ ಓಟಕ್ಕೆ ಮುಗಿಯುವ ಕೆಲಸವಲ್ಲ.

ಕೊನೆಗೆ ಮೊಬೈಲ್ ನಂಬರು. ಸ್ಯಾಟ್ಸ್‌ಗೆ, ಯು-ಡೈಸ್‌ಗೆ, ಬ್ಯಾಂಕಿಗೆ ಕೊಟ್ಟದ್ದು ಹಳೆಯ ಮುಖ್ಯಗುರುಗಳ ಸ್ವಂತ ನಂಬರು ಆಗಿರುತ್ತದೆ. ಅವರು ನಿವೃತ್ತರಾಗಿ ಹೊಲದಲ್ಲಿ ಕಳೆ ತೆಗೆಸುತ್ತಿರುವಾಗ ಒಟಿಪಿ ಅಲ್ಲಿಗೆ ಹೋಗುತ್ತದೆ. ಇಲ್ಲಿ ಹೊಸ ಮೇಡಂ ಲ್ಯಾಪ್‌ಟಾಪ್ ಮುಂದೆ ಕೂತು, ‘ಸರ, ಬಂತೇನ್ರಿ ನಂಬರು?’ ಅಂತ ಮೂರನೇ ಸಲ ಫೋನ್ ಹಚ್ಚುತ್ತಿರುತ್ತಾರೆ. ಶಾಲೆಯ ಹೆಸರಿನಲ್ಲೇ ಒಂದು ಸಿಮ್ ತೆಗೆದು, ಎಲ್ಲ ಕಡೆ ಅದನ್ನೇ ಕೊಟ್ಟು, ಪ್ರಭಾರ ಪಟ್ಟಿಯಲ್ಲಿ ಚೆಕ್‌ಬುಕ್ಕಿನ ಕೆಳಗಿನ ಸಾಲಿಗೆ ಅದನ್ನು ಸೇರಿಸಿ.